ಕ್ಯಾಂಪಿನ ಚಹಾಕ್ಕೆ ಹೋದ ಮುದುಕಪ್ಪ

ಫಕೀರವ್ವನ ಮಗ ಮುದುಕಪ್ಪನ ಸುದ್ದಿ ಗೊತ್ತಿಲ್ಲೇನು? ಹಂಗಾರ ಸನೇಕ ಸರೀರಿ, ಆಕಿಗೆ ಕೇಳಿಸಬಾರದು. ಇಪ್ಪತ್ತೈದರ ಗಂಡಸು. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಊರಾಗ ಯಾರೂ ಕೆಲಸ ಕೊಡರು. ಕಡೆಗೆ ಟಿಬೆಟಿನವರ ಕ್ಯಾಂಪಿನ ಯಾಂಗ್ಚೆನವ್ವ ಎಂಬ ಮುದುಕಿ, "ಆಕಳು ನೋಡಾಕ ಆಳು ಬೇಕು. ನಮ್ಮ ಮನೆಗೆ ಒಗ್ಗತಾನೇನು ನೋಡೂಣು, ಚಹಾಕ್ಕ ಕಳಸು" ಅಂದಳು.

"ಪರದೇಶದ ಮಂದಿ, ಕೊಟ್ಟದ್ದು ಬಿಟ್ಟರ ಬ್ಯಾಸರ ಮಾಡ್ಕೋತಾರ. ಒಂದು ಹನಿ ಉಳಸಬ್ಯಾಡ!" ಅಂದಳು ಫಕೀರವ್ವ.

"ಹೂಂ ಯವ್ವಾ!"

ಹೋದ. ಚಹಾ ಬಂತು. ಸಕ್ಕರೆ ಇಲ್ಲ, ಉಪ್ಪು! ಮೇಲೆ ಬೆಣ್ಣೆ! ಇದೆಂಥ ಚಹಾ ಅಂತ ಇಣುಕಿದ, ಮೂಸಿದ, ಹನಿ ಉಳಿಸದೆ ಕುಡಿದ. ಆ ಮನೆಯಲ್ಲಿ ಬಂದವರ ಬಟ್ಟಲು ಖಾಲಿ ಇರಬಾರದು; ಆಕೆ ತುಂಬಿದಳು. ಇವ ಕುಡಿದ. ಆಕೆ ತುಂಬಿದಳು. ಇವ ಕುಡಿದ. ಎರಡು ಕಿಟ್ಲಿ ಮುಗಿದ ಮೇಲೆ ಹೊಟ್ಟೆ ಹಿಡಿದುಕೊಂಡು ಗೋವಿನಜೋಳದ ಹೊಲಕ್ಕೆ ಓಡಿದ!

"ಅಯ್ಯ ನಿನ್ನ ಹೊಟ್ಟಿ ಸೇದಿಹೋಗ್ಲಿ!" ಅಂತ ಬೈದಳು ತಾಯಿ. "ಅಲ್ಲಿ ತುಂಬಿದ್ದನ್ನ ಮುಟ್ಟದ ಕುಂದರಬೇಕಂತ. ಹೊರಡಾಕಂತ ಏಳೂ ಮುಂದ ಖಾಲಿ ಮಾಡಬೇಕು, ತಿಳೀತೇನು?"

"ತಿಳೀತು ಯವ್ವಾ!"

ಮರುವಾರ ಯಾಂಗ್ಚೆನವ್ವ ಶಾವಿಗೆ ಹಾಕಿದ ಬಿಸಿ ಸಾರು ಕೊಟ್ಟಳು. ಇವ ಕೈಕಟ್ಟಿ ಕೂತ.

"ಉಣ್ಣೋ ತಮ್ಮಾ!"

"ಏಳೂ ಮುಂದ!"

"ಆರಿಹೋಗತೈತಲ್ಲೋ!"

"ಏಳೂ ಮುಂದ!"

ಶಾವಿಗೆ ಉಬ್ಬಿತು. ತನ್ನ ಅಡಿಗೆ ಸೇರಲಿಲ್ಲವೆಂದು ಮುದುಕಿಯ ಮುಖ ಸಣ್ಣಗಾಯಿತು. ಆಗ ಎದ್ದನಪ್ಪಾ ಮುದುಕಪ್ಪ! ನಿಂತಲ್ಲೇ ಬಟ್ಟಲು ಬಾಯಿಗೆ ಸುರುವಿಕೊಂಡ. ಅರ್ಧ ಶಾವಿಗೆ ಮೀಸೆಗೇ ಜೋತಾಡಿತು.

"ಕೆಲಸ ಹೋತಲ್ಲೋ ಖೋಡಿ!" ಅಂತ ಎದೆ ಬಡಿದುಕೊಂಡಳು ಫಕೀರವ್ವ. "ನನ್ನ ಮಾತು ಬಿಡು. ಮನಿಯವರು ಹೆಂಗ ಮಾಡತಾರ, ಹಂಗ ಮಾಡು! ಇದೊಂದು ಸಲ ನಾನೂ ಬರತೇನಿ."

ಇಬ್ಬರೂ ಹೋದರು. ಯಾಂಗ್ಚೆನವ್ವ ಫಕೀರವ್ವನಿಗೆ ರೊಟ್ಟಿ ಬಡಿಸಿದಳು. ಮಗನೂ ಎದ್ದು ಬಡಿಸಿದ. "ನಾಚಬ್ಯಾಡ, ಉಣ್ಣು" ಅಂದಳು ಆಕೆ; "ನಾಚಬ್ಯಾಡ ಯವ್ವಾ, ಉಣ್ಣು" ಅಂದ ಇವ. ಮುದುಕಿಗೆ ಖುಷಿಯೋ ಖುಷಿ! "ಬಂದವರನ್ನ ಎಷ್ಟು ಚಂದ ನೋಡ್ಕೋತಾನ! ನಾಳಿಂದ ಆಕಳು ಇವನ ಕೈಯಾಗ" ಅಂದಳು.

ಫಕೀರವ್ವನ ಕಣ್ಣಲ್ಲಿ ನೀರು. ಹೊರಟಳು. ಯಾಂಗ್ಚೆನವ್ವ ತಮ್ಮ ಮಂದಿಯ ಪದ್ಧತಿಯಂತೆ ಆಕೆಯ ಕೊರಳಿಗೆ ಬಿಳಿ ರೇಷ್ಮೆ ಶಲ್ಯ ಹಾಕಿ, ಗೇಟಿನ ತನಕ ಬಂದು ಕೈಮುಗಿದಳು. ಮುದುಕಪ್ಪನೂ ಪಕ್ಕದಲ್ಲಿ ನಿಂತು ಕೈಮುಗಿದ.

"ಹೋಗಿ ಬರ್ರಿ ಯವ್ವಾರ! ಆಗಾಗ ಬರತಾ ಇರ್ರಿ!"

ಅಂದವನೇ ಗೇಟು ಮುಚ್ಚಿ ಒಳಗಿನಿಂದ ಅಗಳಿ ಹಾಕಿದ.

"ಲೇ, ನಾ ನಿನ್ನ ಹಡದಾಕಿ! ಹೊರಗ ಬಾರಲೇ, ಮನಿಗೆ ಹೋಗೂಣು!"

ಯಾಂಗ್ಚೆನವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮುದುಕಪ್ಪ ಆಕೆಯ ಮುಖ ನೋಡಿದ. ತಾನೂ ಹೊಟ್ಟೆ ಹಿಡಿದುಕೊಂಡು ನಕ್ಕ.