ಅತಿಥಿ ಬರುವ ತನಕ

"ಗುರುಗಳೇ, ನಾನು ಕಟ್ಟಿದ ಪದವನ್ನು ಈ ಊರು ಪೂರ್ತಿ ಕೇಳುವುದು ಯಾವಾಗ?"

ಕೇಳಿದವನು ಚನ್ನವೀರ. ಗುರುಗಳ ಬಳಿ ಹಾಡು ಕಲಿತವನು. ಈಚೆಗೆ ಸ್ವಂತ ಪದಗಳನ್ನು ಕಟ್ಟಿ ಹಾಡತೊಡಗಿದ್ದ. ಹಿಂದಿನ ದಿನ ಪಟ್ಟಣದ ಒಂದು ಸಭೆಯಲ್ಲಿ ಅವನು ತನ್ನ ಪದದ ಎರಡು ನುಡಿ ಹಾಡುವಷ್ಟರಲ್ಲಿ ಮುಖ್ಯ ಅತಿಥಿ ಬಂದಿದ್ದರು. ಯಾರೋ ಬಂದು ಅವನ ಮುಂದಿನ ಮೈಕನ್ನು ಎತ್ತಿಕೊಂಡು ಹೋಗಿದ್ದರು. ಅದನ್ನೆಲ್ಲ ಗುರುಗಳಿಗೆ ಹೇಳಿಕೊಂಡರೂ ಆ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಗುರುಗಳು ತಂಬೂರಿಗೆ ಹೊಸ ತಂತಿ ಕಟ್ಟುತ್ತ ಕುಳಿತಿದ್ದರು. "ಮೈಕನ್ನಷ್ಟೇ ಎತ್ತಿಕೊಂಡು ಹೋದರೇ? ನಿನ್ನನ್ನು ಎತ್ತಲಿಲ್ಲವಲ್ಲ, ಪುಣ್ಯ. ಕುಳಿತುಕೋ" ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಹಾಡುಗಾರನಿದ್ದ. ಅವನು ಯಾವ ಮೇಳಕ್ಕೂ ಸೇರಿದವನಲ್ಲ. ಪದವನ್ನು ತಾನೇ ಕಟ್ಟುತ್ತಿದ್ದ, ಅದಕ್ಕೆ ಧಾಟಿಯನ್ನು ತಾನೇ ಹುಡುಕುತ್ತಿದ್ದ, ಹಾರ್ಮೋನಿಯಂ ನುಡಿಸುತ್ತ ತಾನೇ ಹಾಡುತ್ತಿದ್ದ. ಮದುವೆಯವರು ಕರೆದರೆ ಸಿನಿಮಾ ಹಾಡು ಕೇಳುತ್ತಾರೆ. ಭಜನೆಯವರು ಕರೆದರೆ ಹಿರಿಯರ ಪದ ಕೇಳುತ್ತಾರೆ. ಇವನಿಗೋ ತನ್ನದನ್ನೇ ಹಾಡಬೇಕು. ಅಂಥವನಿಗೆ ಆ ಊರಿನಲ್ಲಿ ಉಳಿದದ್ದು ಒಂದೇ ಜಾಗ. ಸಭೆಗೆ ಮುಖ್ಯ ಅತಿಥಿ ಬರುವುದು ತಡವಾದಾಗ ಜನ ಎದ್ದು ಹೋಗದಂತೆ ಯಾರಾದರೂ ಏನಾದರೂ ಹಾಡುತ್ತಿರಬೇಕಲ್ಲ, ಆ ಜಾಗ. ಅತಿಥಿ ಹೊತ್ತಿಗೆ ಸರಿಯಾಗಿ ಬಂದ ಸಭೆ ಆ ಪಟ್ಟಣದಲ್ಲಿ ನಡೆದದ್ದೇ ಇಲ್ಲ. ಹೀಗಾಗಿ ಹಾಡುಗಾರನಿಗೆ ಕರೆಗಳ ಕೊರತೆಯೇನೂ ಆಗಲಿಲ್ಲ.

ಮೊದಲ ಸಲ ಕರೆದ ವ್ಯವಸ್ಥಾಪಕ ಅವನಿಗೆ ಹೇಳಿದ:

"ಸಾಹೇಬ್ರು ಬರೂತನಕಾ ನಿಮ್ಮ ಪದಾ ಹಾಡ್ರಿ. ನಾ ಕೈ ಎತ್ತಿದ ಕೂಡ್ಲೆ ನಿಲ್ಲಿಸಿಬಿಡ್ರಿ."

"ನಡುವ ನಿಲ್ಲಸೂದೇನ್ರಿ?"

"ನಡುವಾದ್ರ ನಡುವ. ಯಾರು ಕೇಳತಾರ್ರೀ?"

ಆಗ ಅವನು ಕಟ್ಟುತ್ತಿದ್ದ ಪದಗಳಿಗೆ ನಾಲ್ಕು, ಐದು ನುಡಿಗಳಿರುತ್ತಿದ್ದವು. ಒಳ್ಳೆಯ ಮಾತನ್ನು ಕೊನೆಯ ನುಡಿಗೆ ಕಾದಿರಿಸುತ್ತಿದ್ದ. ಎರಡನೆಯದೋ ಮೂರನೆಯದೋ ನುಡಿಯಲ್ಲಿ ವ್ಯವಸ್ಥಾಪಕನ ಕೈ ಮೇಲೇಳುತ್ತಿತ್ತು. ಹಾಡುಗಾರ ಅಲ್ಲಿಗೇ ಬಿಟ್ಟು ಕೆಳಗಿಳಿಯುತ್ತಿದ್ದ. ಮನೆಗೆ ಬಂದವನೇ ಉಳಿದ ನುಡಿಗಳನ್ನು ಹೆಂಡತಿಯ ಮುಂದೆ ಹಾಡಿ ಮುಗಿಸುತ್ತಿದ್ದ. ಅವಳು ಒಗ್ಗರಣೆ ಹಾಕುತ್ತಲೇ ತಲೆದೂಗುತ್ತಿದ್ದಳು. ಹಾಡು ಮುಗಿದ ಮೇಲೆಯೇ ಅವನಿಗೆ ಊಟ ಸೇರುತ್ತಿತ್ತು.

ಹೀಗೆ ಕೆಲವು ವರ್ಷ ಹೋಯಿತು. ಯಾವ ನೋವೂ ವರ್ಷಗಟ್ಟಲೆ ಅಷ್ಟೇ ಚುರುಕಾಗಿ ಉಳಿಯುವುದಿಲ್ಲ. ಅವನು ಒಳ್ಳೆಯ ಮಾತನ್ನು ಮೊದಲ ನುಡಿಗೇ ತಂದು ಇಡತೊಡಗಿದ. ಹಾಡುವಾಗ ಕಣ್ಣನ್ನು ಬಾಗಿಲ ಕಡೆ ಇಟ್ಟುಕೊಂಡ. ಹಾರ ಹಿಡಿದವರು ಎದ್ದು ಬಟ್ಟೆ ಸರಿಮಾಡಿಕೊಂಡರೆ ಕಾರು ಬಂತೆಂದು ಅವನಿಗೆ ತಿಳಿಯುತ್ತಿತ್ತು. ವ್ಯವಸ್ಥಾಪಕ ಕೈ ಎತ್ತುವ ಮೊದಲೇ ಹಾರ್ಮೋನಿಯಂ ಮುಚ್ಚಿ, ನಮಸ್ಕಾರ ಮಾಡಿ, ಕೆಳಗಿಳಿಯುತ್ತಿದ್ದ. ಬೇರೆ ಹಾಡುಗಾರರು ಮುಖ ಊದಿಸಿಕೊಳ್ಳುತ್ತಿದ್ದರು. ಇವನು ಯಾರಿಗೂ ತೊಂದರೆ ಕೊಡುವವನಲ್ಲ ಎಂದು ಹೆಸರಾಯಿತು. ವಾಚನಾಲಯದವರು ಕರೆದರು, ಹಾಸ್ಟೆಲಿನವರು ಕರೆದರು, ಹೊಸ ಅಂಗಡಿಯವರೂ ಕರೆದರು. ಎಲ್ಲಿ ಬೇಕಾದರೂ ನಿಲ್ಲಿಸಬಲ್ಲೆ ಎಂಬುದು ಅವನಿಗೆ ಒಂದು ಹೆಮ್ಮೆಯಾಯಿತು. ಮನುಷ್ಯ ಯಾವುದಕ್ಕೆಲ್ಲ ಹೆಮ್ಮೆಪಡುತ್ತಾನೆ, ನೋಡು.

ಆ ದಿನಗಳಲ್ಲೇ ಅವನು ಒಂದು ಹೊಸ ಪದ ಕಟ್ಟಿದ. ಹೊಳೆಯಾಚೆಯ ಊರಿಗೆ ಮದುವೆ ಮಾಡಿಕೊಟ್ಟ ಮಗಳಿಗೆ ಹೆರಿಗೆ ಕಷ್ಟವಾಗಿದೆ ಎಂದು ತಾಯಿಗೆ ಸುದ್ದಿ ಬರುತ್ತದೆ. ಅದು ಮೊದಲ ನುಡಿ. ತಾಯಿ ಓಡಿ ದಂಡೆಗೆ ಬಂದರೆ ಹೊಳೆ ತುಂಬಿ ಹರಿಯುತ್ತಿದೆ; ಅಂಬಿಗ ಒಲ್ಲೆ ಎನ್ನುತ್ತಾನೆ. ಅದು ಎರಡನೆಯದು. ಮೂರನೆಯ ನುಡಿಯಲ್ಲಿ ಅಂಬಿಗನ ಮನಸ್ಸು ಕರಗುತ್ತದೆ, ದೋಣಿ ದಂಡೆ ಬಿಡುತ್ತದೆ. ನಾಲ್ಕನೆಯದು ಅವನ ಮನಸ್ಸಿನಲ್ಲಿ ಎಲ್ಲೋ ಇತ್ತು. ಅಲ್ಲಿಯ ತನಕ ಹಾಡಲು ಬಿಡುವವರು ಯಾರು, ಬೇಕಾದಾಗ ಕಟ್ಟಿದರಾಯಿತು ಎಂದು ಬಿಟ್ಟ. ಆಮೇಲೆ ಮರೆತ. ಮನೆಗೆ ಹೋಗಿ ಹಾಡಿ ಮುಗಿಸಲು ಏನೂ ಉಳಿದಿರುತ್ತಿರಲಿಲ್ಲವಾದ್ದರಿಂದ ಈಗ ಊಟ ಬೇಗ ಆಗುತ್ತಿತ್ತು.

ಆ ಪದ ಜನಕ್ಕೆ ಹಿಡಿಸಿತು. ಎಲ್ಲಿ ಹೋದರೂ ಅದನ್ನೇ ಹಾಡು ಎಂದರು. ಅವನು ಹಾಡಿದ. ಎಲ್ಲ ಕಡೆಯೂ ದೋಣಿ ದಂಡೆ ಬಿಡುವ ಹೊತ್ತಿಗೋ ಅದಕ್ಕಿಂತ ಮೊದಲೋ ಅತಿಥಿ ಬಂದರು.

ಪಟ್ಟಣದ ಸಭಾಭವನದಲ್ಲಿ ಜಮಖಾನ ಹಾಸಿ ಕಸ ಗುಡಿಸುವ ಒಬ್ಬ ವಯಸ್ಸಾದ ಹೆಂಗಸಿದ್ದಳು. ಈ ಪದ ಶುರುವಾದರೆ ಅವಳು ಕಸಬರಿಗೆಯನ್ನು ಗೋಡೆಗೆ ಒರಗಿಸಿ ಬಾಗಿಲ ಬಳಿ ಕುಳಿತುಬಿಡುತ್ತಿದ್ದಳು. ಹಾಡು ನಿಂತ ಕೂಡಲೇ ಏನೋ ಗೊಣಗುತ್ತ ಎದ್ದು ಹೋಗುತ್ತಿದ್ದಳು. ತನ್ನ ಹಾಡು ಅವಳಿಗೆ ಸೇರುವುದಿಲ್ಲ ಎಂದೇ ಹಾಡುಗಾರ ತಿಳಿದಿದ್ದ.

ಒಂದು ಸಭೆಯ ದಿನ ಅತಿಥಿ ಬಹಳ ತಡಮಾಡಿದರು. ಹಾಡುಗಾರ ಆ ಪದವನ್ನು ಎತ್ತಿಕೊಂಡ. ಮೊದಲ ನುಡಿಯಾಯಿತು, ಎರಡನೆಯದಾಯಿತು, ಮೂರನೆಯದೂ ಆಯಿತು. ವ್ಯವಸ್ಥಾಪಕನ ಕಡೆ ನೋಡಿದ. ಅವನು ಫೋನು ಹಿಡಿದು ಮೂಲೆಯಲ್ಲಿ ನಿಂತಿದ್ದ. ಹಾಡುಗಾರ ಪಲ್ಲವಿಯನ್ನು ಎರಡು ಸಲ ತಿರುವಿ ಹಾಡಿದ. ಮೂರನೆಯ ನುಡಿಯನ್ನು ಮತ್ತೊಮ್ಮೆ ಹಾಡಿದ. ಅಷ್ಟರಲ್ಲಿ ಅವನ ಕಣ್ಣಿಗೆ ಒಂದು ಸಂಗತಿ ಬಿತ್ತು. ಜನ ಮಾತು ನಿಲ್ಲಿಸಿದ್ದರು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಸಭೆಯಲ್ಲಿ ಅಷ್ಟೂ ಮುಖಗಳು ಅವನ ಕಡೆಗಿದ್ದವು. ಯಾವ ಹಾಡುಗಾರ ಇದಕ್ಕಾಗಿ ಜನ್ಮವೆಲ್ಲ ಕಾಯುವುದಿಲ್ಲ? ಅವನು ಮಾತ್ರ ಬಾಗಿಲ ಕಡೆ ನೋಡುತ್ತಿದ್ದ. ಆ ದಿನ ಮುಖ್ಯ ಅತಿಥಿಯ ದಾರಿಯನ್ನು ಅವನಷ್ಟು ಕಾತರದಿಂದ ಕಾದವರು ಇನ್ನೊಬ್ಬರಿಲ್ಲ.

ವ್ಯವಸ್ಥಾಪಕ ಫೋನನ್ನು ಜೇಬಿಗೆ ಹಾಕಿಕೊಂಡು ಬಂದ. ಅತಿಥಿಗಳು ಬರುವುದಿಲ್ಲವಂತೆ, ಇವತ್ತಾದರೂ ನಿಮ್ಮ ಪದ ಪೂರ್ತಿ ಆಗಲಿ ಎಂದ. ಎಲ್ಲರಿಗೂ ಕೇಳುವಂತೆಯೇ ಹೇಳಿದ. ಜನ ಚಪ್ಪಾಳೆ ತಟ್ಟಿದರು.

ಹಾಡುಗಾರ ಶ್ರುತಿ ಹಿಡಿದ. ಬಾಯಿ ತೆರೆದ. ಮತ್ತೆ ಪಲ್ಲವಿಯೇ ಬಂತು. ಇನ್ನೊಂದು ಸಲವೂ ಪಲ್ಲವಿಯೇ ಬಂತು. ಕೊನೆಗೆ, ಪದ ಇಷ್ಟೇ ಎಂದು ಕೈಮುಗಿದು ಹಾರ್ಮೋನಿಯಂ ಮುಚ್ಚಿದ. ಜನ ಸ್ವಲ್ಪ ಹೊತ್ತು ಕುಳಿತು ನೋಡಿದರು. ಆಮೇಲೆ ಚಪ್ಪಲಿ ಹುಡುಕಿಕೊಂಡು ಮನೆಗೆ ಹೋದರು.

ಭವನ ಖಾಲಿಯಾಯಿತು. ಜಮಖಾನದ ಹೆಂಗಸು ಅವನ ಹತ್ತಿರ ಬಂದಳು.

"ಆ ತಾಯಿ ಹೋಗಿ ಮುಟ್ಟಿದ್ಲೇನ್ರಿ?"

"ಅದನ್ನ ಇನ್ನೂ ಕಟ್ಟಿಲ್ಲ, ಯವ್ವಾ."

ಅವಳು ಅವನ ಮುಖವನ್ನೇ ನೋಡಿದಳು. "ಅಯ್ಯ ನನ್ನಪ್ಪಾ! ನಿಮ್ಮನ್ನ ನಡುವ ನಿಲ್ಲಸ್ತಾರಂತ ಇಷ್ಟ ವರ್ಷ ನಾ ಅವರಿಗೆ ಬೈಕೋಂತ ಬಂದೀನಲ್ಲಾ" ಎಂದಳು.

ಅವಳು ಜಮಖಾನ ಸುತ್ತತೊಡಗಿದಳು. ಹಾಡುಗಾರ ಅದರ ಮೇಲೆಯೇ ನಿಂತಿದ್ದ. ಸರಿಯಿರಿ ಎಂದಳು. ಸರಿದ. ಅವನಿಗೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

ಆಮೇಲೆ ಅವನಿಗೆ ಬೇರೆಯವರಿಂದ ತಿಳಿಯಿತು. ಅವಳ ಮಗಳನ್ನೂ ಹೊಳೆಯಾಚೆ ಕೊಟ್ಟಿದ್ದರು. ಅವಳೂ ಒಂದು ದಿನ ಹೀಗೆಯೇ ದಂಡೆಗೆ ಓಡಿಹೋಗಿದ್ದಳು. ಅವಳಿಗೆ ದೋಣಿ ಸಿಕ್ಕಿರಲಿಲ್ಲ. ನೀರು ಇಳಿದು ಆಚೆ ಹೋಗುವಷ್ಟರಲ್ಲಿ ಮಗಳಿರಲಿಲ್ಲ. ತನ್ನ ಕತೆ ಏನಾಯಿತೆಂದು ಅವಳಿಗೆ ಗೊತ್ತಿತ್ತು. ಹಾಡಿನಲ್ಲಿದ್ದ ತಾಯಿಯಾದರೂ ಹೋಗಿ ಮುಟ್ಟಿದಳೇ ಎಂಬುದಷ್ಟೇ ಅವಳಿಗೆ ಬೇಕಿತ್ತು.

ಹಾಡುಗಾರ ಸಭೆಗಳಿಗೆ ಹೋಗುವುದನ್ನು ಬಿಟ್ಟು ಕಟ್ಟಲು ಕುಳಿತ. ಕೈ ಎತ್ತುವವರು ಎದುರಿಗೆ ಯಾರೂ ಇಲ್ಲದಿದ್ದರೂ ಮೂರನೆಯ ನುಡಿಯಾದ ಮೇಲೆ ಗಂಟಲು ತಾನಾಗಿ ನಿಲ್ಲುತ್ತಿತ್ತು. ಅದು ಒಂದು ಕಷ್ಟ. ಇನ್ನೊಂದು ಕಷ್ಟ ಅದಕ್ಕಿಂತ ದೊಡ್ಡದು. ತಾಯಿ ಮುಟ್ಟಿದಳು ಎಂದರೆ ಆ ಹೆಂಗಸಿನ ಮುಂದೆ ಸುಳ್ಳಾಡಿದಂತೆ. ಮುಟ್ಟಲಿಲ್ಲ ಎಂದರೆ ಅವಳನ್ನು ಇನ್ನೊಮ್ಮೆ ಆ ದಂಡೆಯಲ್ಲಿ ತಂದು ನಿಲ್ಲಿಸಿದಂತೆ. ಮೊದಲೇ ಕಟ್ಟಿದ್ದರೆ ಅದು ಬರೀ ಒಂದು ನುಡಿಯಾಗುತ್ತಿತ್ತು. ಈಗ ಅದು ಒಬ್ಬಳಿಗೆ ಕೊಡಬೇಕಾದ ಉತ್ತರವಾಗಿತ್ತು. ಎಷ್ಟೋ ಕಟ್ಟಿದ, ಎಷ್ಟೋ ಹರಿದ. ಒಂದು ವರ್ಷವಾಯಿತು.

ಕೊನೆಗೆ ಒಂದು ಮಧ್ಯಾಹ್ನ, ಯಾವ ಸಭೆಯೂ ಇಲ್ಲದ ದಿನ, ಹಾರ್ಮೋನಿಯಂ ಹೊತ್ತುಕೊಂಡು ಭವನಕ್ಕೆ ಹೋದ. ಅವಳು ಕಸ ಗುಡಿಸುತ್ತಿದ್ದಳು. ಅವಳೊಬ್ಬಳ ಮುಂದೆ ಕುಳಿತು ನಾಲ್ಕು ನುಡಿಗಳನ್ನೂ ಹಾಡಿದ. ಅವಳು ಕೊನೆಯ ತನಕ ಕೇಳಿದಳು. ಒಳಗೆ ಹೋಗಿ ಒಂದು ಲೋಟ ನೀರು ತಂದು ಅವನ ಮುಂದೆ ಇಟ್ಟಳು. ಅಷ್ಟು ವರ್ಷ ಹಾಡಿದ ಆ ಭವನದಲ್ಲಿ ಅವನಿಗೆ ನೀರು ಬೇಕೇ ಎಂದು ಅದುವರೆಗೆ ಯಾರೂ ಕೇಳಿರಲಿಲ್ಲ.

ಗುರುಗಳು ಇಷ್ಟು ಹೇಳಿ ತಂಬೂರಿಯ ಕಿವಿ ತಿರುಗಿಸಿ ತಂತಿಯನ್ನು ಮೀಟಿ ನೋಡಿದರು. ಶ್ರುತಿ ಕೂಡಿತ್ತು.

ಚನ್ನವೀರನಿಗೆ ತಡೆಯಲಾಗಲಿಲ್ಲ. "ಆ ತಾಯಿ ಮುಟ್ಟಿದಳೇ, ಗುರುಗಳೇ?" ಎಂದು ಕೇಳಿದ.

ಗುರುಗಳು ತಂಬೂರಿಯನ್ನು ಅವನ ಕೈಗೆ ಕೊಟ್ಟರು.

"ಹೇಳುತ್ತೇನೆ; ಮೊದಲು ನಿನ್ನೆ ನಿಂತುಹೋದ ನಿನ್ನ ಪದವನ್ನು ಮೂರನೆಯ ನುಡಿಯಿಂದ ಹಾಡಿ ಮುಗಿಸು, ಇಲ್ಲಿ ಯಾವ ಅತಿಥಿಯೂ ಬರುವುದಿಲ್ಲ."

ಚನ್ನವೀರ ತಂಬೂರಿ ಮೀಟಿ ಬಾಯಿ ತೆರೆದ; ಪಲ್ಲವಿಯೇ ಬಂತು.