ಒಂದು ಮೊರ ತೌಡು

"ಗುರುಗಳೇ, ಮೂಲ ಗೊತ್ತಿಲ್ಲದೆ ಮನುಷ್ಯ ತನ್ನನ್ನು ತಾನು ತಿಳಿಯುವುದು ಹೇಗೆ?" ಎಂದು ಶಿಷ್ಯ ಮುರಿಗೆಪ್ಪ ಕೇಳಿದ.

ಗುರುಗಳು ಮಠದ ಜಗಲಿಯ ಮೇಲೆ ಕೂತು ಮೊರದಲ್ಲಿ ಜೋಳ ಕೇರುತ್ತಿದ್ದರು. ತಲೆ ಎತ್ತಲಿಲ್ಲ. ಇಂಥ ದೊಡ್ಡ ಪ್ರಶ್ನೆಯ ಬೆನ್ನಿಗೆ ಒಂದು ಸಣ್ಣ ಪ್ರಶ್ನೆ ಅಡಗಿರುತ್ತದೆಂದು ಅವರಿಗೆ ಗೊತ್ತಿತ್ತು.

"ಬಂದ ವಿಷಯ ಹೇಳು" ಅಂದರು.

ಮುರಿಗೆಪ್ಪ ಮಡಿಚಿಟ್ಟುಕೊಂಡಿದ್ದ ಕಾಗದ ತೆಗೆದ. ಅವನ ದೊಡ್ಡಪ್ಪ ಬರೆದದ್ದು. ಹೆಳವನಿಂದ ವಂಶಾವಳಿ ಓದಿಸಿದ್ದರಂತೆ. ಒಂಬತ್ತು ತಲೆಮಾರಿನ ಹಿಂದೆ ಅವರ ಮನೆತನದ ಒಬ್ಬ ಯಾವುದೋ ಕೋಟೆಯಲ್ಲಿ ದಳವಾಯಿಯಾಗಿದ್ದನಂತೆ. ಕೋಟೆಯ ಗೋಡೆ ಇನ್ನೂ ನಿಂತಿದೆಯಂತೆ. ಹೋಗಿ ಆ ಗೋಡೆಯನ್ನು ಮುಟ್ಟಿ ಬರಲು ಮುರಿಗೆಪ್ಪನಿಗೆ ಹದಿನೈದು ದಿನದ ಅಪ್ಪಣೆ ಬೇಕಿತ್ತು.

"ಮುಟ್ಟಿದರೆ ಏನಾಗುತ್ತದೆ?"

"ನಾನು ಯಾರ ಮನೆಯವನೆಂದು ತಿಳಿಯುತ್ತದೆ."

"ಅಯ್ಯೋ, ಹಾಗಾದರೆ ಆರು ವರ್ಷದಿಂದ ನಾವು ಯಾರಿಗೆ ಊಟ ಹಾಕಿದೆವಪ್ಪ!" ಎಂದು ಗುರುಗಳು ನಕ್ಕರು. ನಗು ಬೇಗ ನಿಂತಿತು. ಮೊರವನ್ನು ಪಕ್ಕಕ್ಕಿಟ್ಟು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಂಬಳಿ ವರ್ತಕನಿದ್ದ. ತಂದೆ ಬೇಗ ಸತ್ತಿದ್ದ. ತಾಯಿ ಉಣ್ಣೆ ನೂತು ಬೆಳೆಸಿದ್ದಳು. ಇಟ್ಟ ಹೆಸರು ತಿಪ್ಪ. ವ್ಯಾಪಾರ ಕೈಹತ್ತಿದ ಮೇಲೆ ಅವನು ಆ ಹೆಸರನ್ನು ತಿಕ್ಕಿ ತೊಳೆದು ತ್ರಿಪುರಾಂತಕಪ್ಪ ಎಂದು ಮಾಡಿಕೊಂಡ. ಊರ ಜನ ಎದುರಿಗೆ ತ್ರಿಪುರಾಂತಕಪ್ಪನವರೇ ಎನ್ನುತ್ತಿದ್ದರು, ಬೆನ್ನ ಹಿಂದೆ ಕಂಬಳಿ ತಿಪ್ಯಾ ಎನ್ನುತ್ತಿದ್ದರು. ಎದುರಿಗೆ ಅಂದದ್ದು ಅವನ ಕಿವಿಯಲ್ಲಿ ನಿಲ್ಲುತ್ತಿರಲಿಲ್ಲ. ಬೆನ್ನ ಹಿಂದೆ ಅಂದದ್ದು ಊಟಕ್ಕೆ ಕೂತಾಗಲೂ ಕೇಳಿಸುತ್ತಿತ್ತು.

ಊರ ಪಕ್ಕದ ಗುಡ್ಡದ ಮೇಲೆ ಒಂದು ಹಾಳು ಕೋಟೆ ಇತ್ತು. ಹಿಂದೆ ಅಲ್ಲಿ ನಾಯಕರ ಮನೆತನ ಆಳುತ್ತಿತ್ತು. ವರ್ತಕ ಹುಟ್ಟಿದ ವರ್ಷವೇ ಆ ಕೋಟೆಗೆ ಮುತ್ತಿಗೆ ಬಿದ್ದು, ನಾಯಕನೂ ಅವನ ಮನೆಮಂದಿಯೂ ಸತ್ತಿದ್ದರು. ಹೆಸರು ಹೇಳಲು ಒಂದು ಕುಡಿಯೂ ಉಳಿಯಲಿಲ್ಲ ಎನ್ನುತ್ತಿದ್ದರು.

ವರ್ತಕನಿಗೆ ಒಬ್ಬಳೇ ಮಗಳು. ನೆರೆ ಸೀಮೆಯ ದೇಸಾಯಿಯ ಮಗ ಅವಳನ್ನು ನೋಡಿ ಮೆಚ್ಚಿದ. ದೇಸಾಯಿ ಹೇಳಿಕಳಿಸಿದ: ಹುಡುಗಿ ಒಪ್ಪಿಗೆ, ಆದರೆ ಮನೆತನ ಎಂಥದೆಂದು ಹೆಳವನ ಬಾಯಿಂದ ಕೇಳಬೇಕು. ಹೆಳವನೆಂದರೆ ಎತ್ತಿನ ಮೇಲೆ ಕೂತು ಊರೂರು ತಿರುಗಿ, ಮನೆಬಾಗಿಲಲ್ಲಿ ಆ ಮನೆಯ ವಂಶವನ್ನು ಓದಿ ಹೇಳುವವನು. ಅವನ ಹೊತ್ತಿಗೆಯಲ್ಲಿ ಇಲ್ಲದವನು ಹುಟ್ಟೇ ಇಲ್ಲವೆಂದು ಆ ಕಾಲದ ಜನ ನಂಬಿದ್ದರು.

ವರ್ತಕ ಹೆದರಿದ. ದೇಸಾಯಿ ಬರುವ ಮೊದಲೇ ಒಮ್ಮೆ ಕೇಳಿಕೊಂಡುಬಿಡೋಣವೆಂದು ಹೆಳವನನ್ನು ಒಬ್ಬನೇ ಕರೆಸಿದ. ಹೆಳವ ಹೊತ್ತಿಗೆ ಬಿಚ್ಚಿ ಓದುತ್ತಾ ಹೋದ. ಮುತ್ತಜ್ಜ ಕುರಿ ಕಾದವನು, ಅಜ್ಜ ಕುರಿ ಕಾದವನು, ತಂದೆ ಕುರಿ ಕಾಯುತ್ತಲೇ ಹಾವು ಕಚ್ಚಿ ಸತ್ತವನು. ವರ್ತಕನ ಮುಖ ಸಣ್ಣದಾಗುತ್ತಾ ಬಂತು. ಕೊನೆಗೆ ಅವನದೇ ಹೆಸರು ಬಂತು. ಹೆಳವ ಸ್ವಲ್ಪ ತಡೆದು ಓದಿದ.

"ತಿಪ್ಪ. ಕೋಟೆ ಬುಡದ ತಿಪ್ಪೆಯ ಮೇಲೆ ಸಿಕ್ಕ ಕೂಸು. ಎತ್ತಿ ತಂದು ಸಾಕಿದ್ದು."

ವರ್ತಕ ಎದ್ದು ನಿಂತ. "ಇದನ್ನ ಬರದಾವ್ರು ಯಾರು?"

"ನಮ್ಮಪ್ಪರೀ. ನಿಮ್ಮ ತಾಯವ್ವ ಹೇಳಿದ್ದನ್ನ ಬರದಾನ. ಆದ್ರ ಧಣಿ, ಇಂಥಾ ಮಾತಿಗೆ ಬ್ಯಾರೆ ಅರ್ಥಾನೂ ಇರತದ. ತಾಯವ್ವನ್ನ ಒಂದು ಮಾತು ಕೇಳ್ರಿ" ಅಂದ ಹೆಳವ.

ಬೇರೆ ಅರ್ಥ ವರ್ತಕನಿಗೆ ಬೇಕಿರಲಿಲ್ಲ. ಆದರೂ ಹಿತ್ತಲಿಗೆ ಹೋದ. ಮುದುಕಿ ಉಣ್ಣೆ ನೂಲುತ್ತಿದ್ದಳು.

"ಅವ್ವಾ, ನನ್ನ ಹಡದಾಕಿ ನೀನೇನು?"

ಕದಿರು ನಿಂತಿತು. ಮುದುಕಿ ಅವನ ಮುಖ ನೋಡಿದಳು. "ಅಲ್ಲಪಾ. ತಿಪ್ಪಿ ಮ್ಯಾಲೆ ಸಿಕ್ಕಿ. ಮೊದಲಿಂದ ಹೇಳಿಕೋತನ ಬಂದೀನಲ್ಲ."

ಹೇಳುತ್ತಲೇ ಬಂದಿದ್ದಳು, ಸುಳ್ಳಲ್ಲ. ಅವನು ಚಿಕ್ಕವನಿದ್ದಾಗ ಯಾರಾದರೂ ನಿನ್ನ ಮಗ ಚೆಂದ ಇದ್ದಾನೆ ಅಂದರೆ, ನನ್ನದಲ್ಲವ್ವ, ತಿಪ್ಪೆಯದು ಎನ್ನುತ್ತಿದ್ದಳು. ಒಮ್ಮೆ ಅವನು ಅದನ್ನು ಕೇಳಿ ಬಿಕ್ಕಿ ಬಿಕ್ಕಿ ಅತ್ತ. ಅವಳು ಎತ್ತಿ ಎದೆಗೆ ಒತ್ತಿಕೊಂಡಳು, ತಾನೂ ಅತ್ತಳು, ಆದರೆ ಅಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆ ಮಾತಿನ ಗಾಯ ಅವನಲ್ಲಿ ಹಾಗೇ ಇತ್ತು. ಈಗ ಅದೇ ಮಾತು ಸಿಹಿಯಾಯಿತು.

ಕೋಟೆ ಬಿದ್ದ ವರ್ಷ, ಕೋಟೆಯ ಬುಡದಲ್ಲಿ, ಒಂದು ಕೂಸು. ಇನ್ನೇನು ಬೇಕು? ಅವನು ಕನ್ನಡಿ ಹಿಡಿದು ಮೂಗು ನೋಡಿಕೊಂಡ. ಆಳುಗಳ ಮೇಲೆ ರೇಗುವ ತನ್ನ ಸಿಟ್ಟು ಎಲ್ಲಿಂದ ಬಂತೆಂದು ಆ ದಿನ ಅವನಿಗೆ ಅರ್ಥವಾಯಿತು. ಪಾಪ, ಆಳುಗಳಿಗೆ ಮಾತ್ರ ಏನೂ ಅರ್ಥವಾಗಲಿಲ್ಲ.

ನಾಯಕರ ವಂಶಕ್ಕೆ ತನ್ನ ಹೆಸರನ್ನು ಸೇರಿಸಲು ಹೆಳವನಿಗೆ ಹೇಳಿದ. ಹೆಳವ ತಲೆ ಅಲ್ಲಾಡಿಸಿದ.

"ಆ ಬಳ್ಳಿಗೆ ಕಟ್ಟಬೇಕಾದ್ರ ಈ ಬಳ್ಳಿಯಿಂದ ಕಡೀಬೇಕು, ಧಣಿ. ಇಂವ ನನ್ನ ಮಗ ಅಲ್ಲಂತ ತಾಯವ್ವನ ನಾಕು ಮಂದ್ಯಾಗ ಹೇಳಬೇಕು. ಒಮ್ಮೆ ಕಡದ್ರ ಮತ್ತ ಕೂಡೂದಿಲ್ಲ ನೋಡ್ರಿ."

"ಹೇಳತಾಳ" ಅಂದ ವರ್ತಕ.

ದೇಸಾಯಿ ಬಂದ. ಊರ ಹಿರಿಯರು ಬಂದರು. ಮುದುಕಿಯನ್ನು ಅಂಗಳಕ್ಕೆ ಕರೆದರು. ಅವಳು ಸೆರಗು ಹೊದ್ದು ಬಂದು ಕಂಬ ಹಿಡಿದು ನಿಂತಳು. ಇವನು ನಿನ್ನ ಹೊಟ್ಟೆಯಲ್ಲಿ ಹುಟ್ಟಿದವನೇ ಎಂದು ದೇಸಾಯಿ ಕೇಳಿದ.

"ಅಲ್ಲರೀ. ಸಿಕ್ಕಾವ."

ಧ್ವನಿ ನಡುಗಲಿಲ್ಲ. ಹೆಳವ ಅವಳ ಹೆಸರಿನ ಮೇಲೆ ಮಸಿಯ ಗೆರೆ ಎಳೆದು, ವರ್ತಕನನ್ನು ನಾಯಕರ ವಂಶದ ಕೊನೆಗೆ ಬರೆದ. ಅವಳು ಒಳಗೆ ಹೋಗುವ ಮುನ್ನ ಹೆಳವನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಇಷ್ಟು ಮಂದ್ಯಾಗ ಅಂದೀನಲ್ಲ, ಇನ್ನ ಅವಗ ಏನೂ ಆಗೂದಿಲ್ಲಲ್ಲ?" ವಯಸ್ಸಾಯಿತು, ಏನೇನೋ ಮಾತಾಡುತ್ತಾಳೆ ಎಂದು ಕೂತವರು ನಕ್ಕರು.

ಮದುವೆ ಆಯಿತು. ಬೆನ್ನ ಹಿಂದೆಯೂ ಜನ ನಾಯಕರು ಎನ್ನತೊಡಗಿದರು. ನಾಯಕರ ಮನೆಯ ಪಡಸಾಲೆಯಲ್ಲಿ ಉಣ್ಣೆ ನೂಲುವ ಮುದುಕಿ ಕೂತಿರುವುದು ಚೆನ್ನಾಗಿ ಕಾಣುವುದಿಲ್ಲವೆಂದು, ಕಂಬಳಿ ತುಂಬುವ ಕೊಟ್ಟಿಗೆಯಲ್ಲಿ ಅವಳಿಗೆ ಜಾಗ ಮಾಡಿದರು. ಎರಡು ಹೊತ್ತು ಊಟ ಅಲ್ಲಿಗೇ ಹೋಗುತ್ತಿತ್ತು. ಊಟ ತಂದವರನ್ನು ಒಂದೇ ಮಾತು ಕೇಳುತ್ತಿದ್ದಳು: ಅವನು ಉಂಡನೇ?

ಮೂರನೆಯ ವರ್ಷ ಅವಳು ಸತ್ತಳು. ಅಂದು ಮಗಳ ಸೀಮಂತಕ್ಕೆ ದಿನ ಗೊತ್ತುಮಾಡಲು ದೇಸಾಯಿಯ ಮನೆಯವರು ಬಂದಿದ್ದರು. ವರ್ತಕ ಹೆಗಲ ಮೇಲಿನ ಶಾಲು ತೆಗೆದಿಟ್ಟು ಹೊರಟ. ದೇಸಾಯಿ ಅವನ ಕೈ ಹಿಡಿದ. "ಸಾಕಿದಾಕಿ, ಖರೆ. ಆದ್ರ ನೀವು ಮಣ್ಣು ಕೊಟ್ರ ಮಂದಿ ಮಗ ಅಂತಾರ. ನೀವು ನಾಯಕರು, ಸ್ವಲ್ಪ ನೋಡಿಕೊಂಡು ನಡೀರಿ" ಅಂದ.

ವರ್ತಕ ಶಾಲು ಮತ್ತೆ ಹೊದ್ದುಕೊಂಡ. ಕುಣಿಯಿಂದ ಹತ್ತು ಮಾರು ದೂರ ನಿಂತ. ಓಣಿಯವರು ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕಿದರು.

ಎಲ್ಲರೂ ಹೋದ ಮೇಲೆ ಒಬ್ಬ ಮುದುಕಿ ಉಳಿದಳು. ಹಿಂದೆ ಅವರ ಪಕ್ಕದ ಮನೆಯಲ್ಲಿದ್ದವಳು. ಮಣ್ಣಿನ ಕೈಯಲ್ಲೇ ಅವನ ಮುಂದೆ ಬಂದು ನಿಂತಳು.

"ಎಂಥಾವನೋ ನೀನು? ಹಡದಾಕಿಗೆ ಒಂದು ಹಿಡಿ ಮಣ್ಣು ಹಾಕಲಿಲ್ಲ."

"ಆಕಿ ನನ್ನ ಹಡದಿಲ್ಲ. ಆಕೀನ ಹೇಳ್ಯಾಳ."

"ಹೇಳದೇನು ಮಾಡ್ಯಾಳು? ನಿನಗಿಂತ ಮೊದಲ ನಾಕು ಹಡದಳು. ನಾಕೂ ಹೋದವು. ಐದನೇದು ನೀನು. ಹೊಕ್ಕಳ ಉದುರೂದ್ರಾಗ ಆಕೀನ ನಿನ್ನ ತಿಪ್ಪಿ ಮ್ಯಾಲೆ ಹಾಕಿದಳು. ಎತ್ತಿಕೊಂಡಾಕಿ ನಾನು. ಒಂದು ಮೊರ ತೌಡು ಕೊಟ್ಟು ನನ್ನ ಕಡಿಂದ ನಿನ್ನ ಕೊಂಡಳು. ನನ್ನದಲ್ಲ, ಸಿಕ್ಕದ್ದು ಅಂದ್ರ ಸಾವು ಕೈ ಹಚ್ಚೂದಿಲ್ಲಂತ. ನಾ ಹಡದಾಕಿ ಅಂತ ತಾಯಿ ಒಂದು ಸಲ ಬಾಯಿ ಬಿಟ್ಟರೂ ಸಾವಿಗೆ ಗುರುತು ಸಿಗತದಂತ. ಅದಕ್ಕ ಐವತ್ತು ವರ್ಷ ಬಾಯಿ ಬಿಗಿಹಿಡದಳು."

"ನೀ ಯಾಕ ಹೇಳಲಿಲ್ಲ?" ಅಂದ ವರ್ತಕ.

"ನನ್ನ ಯಾರು ಕೇಳಿದ್ರಿ? ಹೆಳವನ್ನ ಕೇಳಿದ್ರಿ, ದೇಸಾಯರನ್ನ ಕೇಳಿದ್ರಿ. ತಿಪ್ಪ ಅನ್ನೋ ಹೆಸರಿನಾಗ ಎಲ್ಲಾ ಇತ್ತಲ್ಲೋ. ನೀನ ಅದನ್ನ ತೊಳಕೊಂಡಿ."

ಅವನಿಗೆ ಗೊತ್ತಿಲ್ಲದ ಪದ್ಧತಿಯಲ್ಲ ಅದು. ಅವನ ಅಂಗಡಿಗೆ ಬರುವವರಲ್ಲೇ ಇಬ್ಬರು ತಿಪ್ಪಣ್ಣರಿದ್ದರು. ಇಬ್ಬರೂ ಹೇಗೆ ತಿಪ್ಪಣ್ಣರಾದರೆಂದು ಅವನೇ ಹೇಳಿ ನಗಿಸುತ್ತಿದ್ದ. ತನ್ನ ಸರದಿ ಬಂದಾಗ ಮಾತ್ರ ಅವನ ಕಣ್ಣು ತಿಪ್ಪೆಯನ್ನು ಬಿಟ್ಟು ಕೋಟೆಯ ಮೇಲೆ ಹೋಯಿತು.

ಅವನು ಕೂಗಿ ಹೇಳಬೇಕೆಂದು ಮನೆಯ ಕಡೆ ಓಡಿದ. ಪಡಸಾಲೆಯಲ್ಲಿ ದೇಸಾಯಿ ಕೂತಿದ್ದ. ಒಳಗೆ ಬಸುರಿ ಮಗಳು ಸೀಮಂತಕ್ಕೆ ಹಸಿರು ಬಳೆ ಆರಿಸುತ್ತಿದ್ದಳು. ನಿಜ ಹೊರಬಿದ್ದರೆ ಮರುದಿನದಿಂದ ಅವಳು ಗಂಡನ ಮನೆಯ ಹೊಸ್ತಿಲು ಮೆಟ್ಟುವಂತಿರಲಿಲ್ಲ. ವರ್ತಕ ಬಾಗಿಲಲ್ಲೇ ನಿಂತ.

"ಆತೇನ್ರಿ ಮಣ್ಣು? ನಮ್ಮ ಮಂದಿ ಕೇಳಿದ್ರ ಆಕಿ ಯಾರಂತ ಹೇಳೂಣು?" ಎಂದು ದೇಸಾಯಿ ಕೇಳಿದ.

"ಹೂಂ ರೀ. ಮನ್ಯಾಗಿದ್ದ ಮುದುಕಿ" ಅಂದ ವರ್ತಕ.

ಮರುವರ್ಷ ಹೆಳವ ಬಂದಾಗ ವರ್ತಕ ಅವನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗಿ, ಅವ್ವನ ಹೆಸರಿನ ಮೇಲಿನ ಆ ಗೆರೆಯನ್ನು ಅಳಿಸು, ಯಾರಿಗೂ ಓದಿ ಹೇಳಬೇಡ, ಹೊತ್ತಿಗೆಯಲ್ಲಿ ಇದ್ದರೆ ಸಾಕು ಎಂದು ಕಾಲು ಹಿಡಿದ. ಹೆಳವನ ಕಣ್ಣಲ್ಲೂ ನೀರು ಬಂತು.

"ಆಕೀ ಬಾಯಿಲೆ ಕಡದದ್ದು, ಧಣಿ. ಕೂಡಿಸಲಿಕ್ಕೂ ಆಕೀ ಬಾಯಿನ ಬೇಕು."

ಆಮೇಲೆ ಹೆಳವ ಅಂಗಳಕ್ಕೆ ಬಂದ. ಬಳಗವೆಲ್ಲ ಕಾದು ಕೂತಿತ್ತು. ನಾಯಕರ ವಂಶವನ್ನು ಮೊದಲಿನಿಂದ ಓದಿದ, ಗೆದ್ದವರು, ಕೆರೆ ಕಟ್ಟಿಸಿದವರು, ಆನೆ ಏರಿದವರು. ಕೊನೆಯಲ್ಲಿ ವರ್ತಕನ ಹೆಸರು ಬಂತು. ಅವನು ಎದ್ದು ಪದ್ಧತಿಯಂತೆ ಹೆಳವನಿಗೆ ಒಂದು ಕಂಬಳಿ ಹೊದಿಸಿದ. ಅದು ಮುದುಕಿ ನೂತಿಟ್ಟ ಉಣ್ಣೆಯಲ್ಲಿ ನೇಯಿಸಿದ ಕೊನೆಯ ಕಂಬಳಿ. ಬದುಕಿರುವವರೆಗೂ ಅವನು ಪ್ರತಿ ಸಲ ಹೀಗೇ ಕೂತು, ಪೂರ್ತಿ ಕೇಳಿ, ಎದ್ದು ಕೈಮುಗಿಯಬೇಕಾಯಿತು.

ಗುರುಗಳು ಇಷ್ಟು ಹೇಳಿ ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು. ಮುರಿಗೆಪ್ಪ ಕಾಗದವನ್ನು ಬಿಚ್ಚಿದ, ಮಡಿಚಿದ. ಅವನಿಗೆ ದುಃಖವಾಗಿತ್ತು. ಆದರೂ ತಡೆಯಲಾಗಲಿಲ್ಲ.

"ಗುರುಗಳೇ, ಆ ಕೋಟೆಯ ಹೆಸರೇನು? ನಮ್ಮ ದೊಡ್ಡಪ್ಪ ಬರೆದದ್ದೂ ಅದೇ ಇರಬಹುದೇ?"

ಗುರುಗಳು ಅವನ ಮುಖ ನೋಡಿ ಅಂದರು: "ಕೋಟೆಯ ಹೆಸರು ಕೇಳಿದೆ, ಮುದುಕಿಯ ಹೆಸರು ನೀನೂ ಕೇಳಲಿಲ್ಲ."