ಆರನೆಯ ಚಾಪೆ

ಬಂಡೆಗಳ ನಡುವೆ ಒಂದು ರಾಜ್ಯ ಇತ್ತು. ಅಲ್ಲಿ ಸಿಪಾಯಿಗಳ ತಪ್ಪಿಗೆ ಮೂರು ಚಾವಡಿ. ಸಣ್ಣ ಚಾವಡಿಯಲ್ಲಿ ದಳವಾಯಿ ಒಬ್ಬನೇ ಕೂರುವನು. ಶಿಕ್ಷೆ ಛಡಿ ಏಟು. ನಡುವಿನದರಲ್ಲಿ ಮೂವರು, ಶಿಕ್ಷೆ ಗಡೀಪಾರು. ದೊಡ್ಡದರಲ್ಲಿ ಐವರು, ಶಿಕ್ಷೆ ನೇಣು. ತೀರ್ಪು ಒಪ್ಪದವನು ಮೇಲಿನ ಚಾವಡಿ ಕೇಳಬಹುದು. ಸೋತರೆ ಅಲ್ಲಿನ ಶಿಕ್ಷೆಯೇ.

ಒಂದು ಬೆಳಿಗ್ಗೆ ಸಿಪಾಯಿ ಮಾಯಣ್ಣ ಕಾಣಲಿಲ್ಲ.

ದಳವಾಯಿ ಸಿಂಗಪ್ಪ ಹೇಳಿದ: "ಶತ್ರುವಿನ ಕಡೆ ಓಡಿಹೋದ. ಬಾಗಿಲ ಕಾವಲಿನ ಬೈಚ ನಿದ್ದೆ ಹೊಡೆದ."

ಸಣ್ಣ ಚಾವಡಿ ಕೂತಿತು.

"ಮೂರು ಏಟು. ತಿಂದು ಹೋಗು," ಎಂದ ದಳವಾಯಿ.

"ಒಪ್ಪೋದಿಲ್ಲ ಬುದ್ಧಿ. ನಾನು ಎಚ್ಚರ ಇದ್ದೆ. ಬಾಗಿಲು ಯಾರೂ ದಾಟಿಲ್ಲ," ಎಂದ ಬೈಚ.

ಕೋಟೆಯ ಹೊಂಡ ಗುಳುಕ್ ಎಂದಿತು. ಗಾಳಿ ಇರಲಿಲ್ಲ.

ನಡುವಿನ ಚಾವಡಿ ಕೂತಿತು.

"ಗಡಿ ದಾಟು," ಎಂದರು ಮೂವರು.

"ಒಪ್ಪೋದಿಲ್ಲ."

ಹೊಂಡ ಎರಡು ಸಲ ಗುಳುಕ್ ಎಂದಿತು. ನಾಯಿಗಳು ಬೊಗಳಲಿಲ್ಲ. ಬಾಲ ಮುದುರಿ ಕೂತವು.

ಬೈಚನ ಹೆಂಡತಿ ನಿಂಗವ್ವ ಎದೆ ಬಡಿದುಕೊಂಡಳು. "ಊರು ಹೋದರೆ ಇನ್ನೊಂದು ಊರು ಉಂಟು. ಕತ್ತು ಹೋದರೆ ಇನ್ನೊಂದು ಕತ್ತು ಎಲ್ಲಿಂದ ತರ್ತೀಯಾ?"

"ಮಾಯಣ್ಣ ಓಡಿಲ್ಲ ಕಣೆ. ಇಲ್ಲೇ ಒಳಗೇ ಇದ್ದಾನೆ."

ಮಟಮಟ ಮಧ್ಯಾಹ್ನ ದೊಡ್ಡ ಚಾವಡಿ ಸೇರಿತು. ಯಾರ ಕಾಲಡಿಯೂ ನೆರಳಿಲ್ಲದ ಹೊತ್ತು. ಐದು ಚಾಪೆ ಹಾಸಿದ್ದರು. ಬೈಚ ಆರನೆಯದು ಹಾಸಿದ.

"ಇದು ಮಾಯಣ್ಣಂದು."

"ಓಡಿಹೋದವನಿಗೆ ಚಾಪೆ ಬೇರೆ ಕೇಡು!" ಸಿಪಾಯಿಗಳು ನಕ್ಕರು. ಮೆಟ್ಟು ತೊಟ್ಟೇ ಅದರ ಮುಂದೆ ಹಾದುಹೋದರು. ಐವರು ಹಿರಿಯರೂ ಹಾಗೇ ಹಾದು ಬಂದು ಕೂತರು.

ಕೊನೆಗೆ ದಳವಾಯಿ ಬಂದ. ಬರಿ ಚಾಪೆ ನೋಡಿದ. ನಿಂತ. ಹೊಂಡ ಮೂರು ಸಲ ಗುಳುಕ್ ಎಂದಿತು.

ದಳವಾಯಿ ಎರಡೂ ಮೆಟ್ಟು ಕಳಚಿಟ್ಟು ಮುಂದೆ ಬಂದ.

ಐವರಲ್ಲಿ ಒಬ್ಬ ಹಿರಿಯ ಕೇಳಿದ: "ಸಿಂಗಪ್ಪ, ಮೆಟ್ಟು ಯಾಕೆ ಬಿಟ್ಟೆ?"

ದಳವಾಯಿ ತನ್ನ ಕಾಲು ನೋಡಿಕೊಂಡ.

"ನಮ್ಮ ದಂಡಿನಲ್ಲಿ ಸತ್ತವನ ಚಾಪೆಯ ಮುಂದೆ ಮಾತ್ರ ಮೆಟ್ಟು ಬಿಡೋದು. ಮಾಯಣ್ಣ ಸತ್ತದ್ದು ನಿನಗೊಬ್ಬನಿಗೇ ಹೇಗೆ ಗೊತ್ತಾಯ್ತಪ್ಪಾ?"

ದಳವಾಯಿಯ ಕಣ್ಣು ಹೊಂಡದ ಕಡೆ ಹೊರಳಿತು. ಹೊಂಡಕ್ಕೆ ಜನ ಇಳಿದರು. ಮಾಯಣ್ಣ ತಳದಲ್ಲಿದ್ದ. ಸೊಂಟಕ್ಕೆ ಕಲ್ಲು ಕಟ್ಟಿತ್ತು. ಆಗ ದಳವಾಯಿ ಬಾಯಿ ಬಿಟ್ಟ. ಅವನು ಕೋಟೆಯ ಕಳ್ಳಬಾಗಿಲನ್ನು ಶತ್ರುವಿಗೆ ತೋರಿಸುವುದನ್ನು ಮಾಯಣ್ಣ ಕಂಡಿದ್ದ.

ಬೈಚನಿಗೆ ಬಿಡುಗಡೆ ಆಯಿತು. ದಳವಾಯಿಗೆ ನೇಣಾಯಿತು.

ಸಂಜೆ ಚಾಪೆ ಸುತ್ತಿದರು. ಐದು ಒಣಗಿದ್ದವು. ಆರನೆಯದು ಹಿಂಡುವಷ್ಟು ನೆನೆದಿತ್ತು.

ದೊಡ್ಡ ತಪ್ಪನ್ನು ಸಣ್ಣ ಶಿಕ್ಷೆಯಡಿ ಹೂಳಬೇಡಿ. ಅದು ಹೂಳಿದಲ್ಲಿ ಇರುವುದಿಲ್ಲ.